ಎಡಕ್ಕೆ ಎಳೆಯುವ ಗಾಡಿ

ಗಂಡ ಲೆಮ್ ಅಡುಗೆಮನೆಯಲ್ಲಿ ರೇಡಿಯೋಗೆ ಕಿವಿಗೊಟ್ಟು ಬೇಸ್‌ಬಾಲ್ ಕೇಳುತ್ತಿದ್ದಾನೆ ಎಂದು ಬಾಗಿಲ ಸಂದಿಯಿಂದ ಖಚಿತ ಮಾಡಿಕೊಂಡ ಮೇಲೆ ವರ್ನೀಸ್ ಗ್ಯಾರೇಜಿನಲ್ಲಿ ಮೊಣಕಾಲೂರಿ ಕೂತು, ಹರಕು ಬನಿಯನ್ನಿನ ಚೂರಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿಸತೊಡಗಿದಳು. ಹುಲ್ಲು ಕತ್ತರಿಸುವ ಯಂತ್ರದ ಡಬ್ಬಿಯಿಂದ ಕದ್ದ ಪೆಟ್ರೋಲು. ಡಬ್ಬಿ ಅವಳದು, ಯಂತ್ರ ಅವಳದು, ಹುಲ್ಲು ಕತ್ತರಿಸುವವಳೂ ಅವಳೇ. ಆದರೂ ಚಳಿಗಾಲದಿಂದೀಚೆ ಈ ಗ್ಯಾರೇಜಿನೊಳಗೆ ಅವಳು ಏನು ಮುಟ್ಟಿದರೂ ಕದ್ದ ಹಾಗೇ ಅನ್ನಿಸುತ್ತಿತ್ತು. ಬಟ್ಟೆಯನ್ನು ಮೂಸಿದಳು. ಹೆಚ್ಚಾಯಿತು. ಗಾಳಿಗೆ ಬೀಸಿ ಮತ್ತೆ ಮೂಸಿದಳು. ಈಗ ಸರಿಯಾಗಿತ್ತು. ಭಾನುವಾರ ಚರ್ಚಿನಲ್ಲಿ ಲೆಮ್‌ನ ಕೋಟಿನಿಂದ ಏಳುತ್ತಿದ್ದ ವಾಸನೆ ಇದೇ. ಪಾದ್ರಿಯ ಹೆಂಡತಿ ಬೀಸಣಿಗೆ ಮರೆಯಿಂದ “ಬ್ರದರ್ ಪೆಟ್‌ವೇ ಇವತ್ತು ಗಾಡಿ ತಂದಿದಾರೆ ಅಂತ ಕಾಣುತ್ತೆ” ಎನ್ನುತ್ತಿದ್ದಳು, ಲೆಮ್ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡು ಬೀಗುತ್ತಿದ್ದ. ನಲವತ್ತು ವರ್ಷ ಲೆಮ್‌ನ ಆ ಹಳೆಯ ಕಾರು ಪೆಟ್ರೋಲು ನಾರಿತ್ತು. ಹೊಸ ಇಂಜಿನ್ನಿಗೆ ಆ ಗುಣವೇ ಇಲ್ಲ, ಒಂದು ಹನಿಯನ್ನೂ ಹೊರಗೆ ಬಿಡದಷ್ಟು ಅಚ್ಚುಕಟ್ಟು. ಬಟ್ಟೆಯನ್ನು ಲೆಮ್ ಕೂರುವ ಸೀಟಿನ ಕೆಳಗೆ ತುರುಕಿ ಅವಳು ಎದ್ದು ನಿಂತಳು.

ನೋಡಿದವರ ಕಣ್ಣಿಗೆ ಗಾಡಿ ಎಪ್ಪತ್ತನೆಯ ಇಸವಿಯಲ್ಲಿ ಕಾರ್ಖಾನೆಯ ಬಾಗಿಲು ದಾಟಿ ಬಂದ ಹಾಗೇ ಇತ್ತು. ಅದೇ ನೇರಳೆ ಬಣ್ಣ, ಅದೇ ಉದ್ದ ಮೂತಿ, ಅದೇ ಕ್ರೋಮಿನ ಅಂಚು, ಓಡಿಸುವವರು ಹತ್ತುವ ಎಡ ಬಾಗಿಲ ಕೆಳಗೆ ಅದೇ ತುಕ್ಕಿನ ಗುಳ್ಳೆ. ಕೆಲಸವೆಲ್ಲ ನಡೆದದ್ದು ಪಕ್ಕದೂರು ಡಿಯರ್‌ಬಾರ್ನಿನಲ್ಲಿ, ಮೆಕ್ಯಾನಿಕ್ ಘಸ್ಸಾನನ ಶೆಡ್ಡಿನಲ್ಲಿ; ಗ್ಯಾರೇಜಿಗೆ ಕಾಲಿಡುವುದನ್ನೇ ಬಿಟ್ಟಿದ್ದ ಲೆಮ್‌ಗೆ ಗಾಡಿ ಅಲ್ಲಿಲ್ಲವೆಂಬುದು ಗೊತ್ತಾಗಿರಲಿಲ್ಲ. “ಈ ತುಕ್ಕು ಮಧ್ಯಾಹ್ನದೊಳಗೆ ತೆಗೆದುಬಿಡ್ತೀನಿ” ಎಂದು ಅವನು ಕೈಹಾಕಲು ಹೋದಾಗ ವರ್ನೀಸ್ ಅವನ ಮಣಿಕಟ್ಟು ಹಿಡಿದಿದ್ದಳು. “ಮುಟ್ಟಬೇಡ. ಲೆಮ್‌ನ ಕೈ ಮೊದಲು ಹೋಗೋದೇ ಅಲ್ಲಿಗೆ.” ಒಳಗಿನದೆಲ್ಲ ಬೇರೆ. ಇಂಜಿನ್ನು, ಗೇರ್‌ಬಾಕ್ಸು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಒಂದು ಬೆರಳಿಗೆ ತಿರುಗುವ ಸ್ಟಿಯರಿಂಗು. “ಹೊರಗೆ ಅತ್ತೆ, ಒಳಗೆ ಸೊಸೆ” ಎಂದು ಘಸ್ಸಾನ್ ಏಲಕ್ಕಿ ಕಾಫಿ ಹೀರುತ್ತಾ ನಗುತ್ತಿದ್ದ. ನಿಂತಲ್ಲಿ ಇಂಜಿನ್ನು ಹಳೆಯದರ ಹಾಗೆ ಏದುಸಿರು ಬಿಡಲಿ ಎಂದು ಅದರ ಕಂಪ್ಯೂಟರಿಗೆ ಪಾಠ ಹೇಳಿಕೊಟ್ಟವನೂ ಅವನೇ. “ಕಾಯಿಲೆ ಬಿದ್ದಿದ್ದನ್ನ ರಿಪೇರಿ ಮಾಡಿದೀನಿ. ಗಟ್ಟಿಮುಟ್ಟಾಗಿರೋದಕ್ಕೆ ಕಾಯಿಲೆ ನಟಿಸೋದು ಕಲಿಸಿದ್ದು ಇದೇ ಮೊದಲು ಕಣಮ್ಮ.” ಅವನ ಜೊತೆ ಅವಳೂ ಕೈ ಕಪ್ಪು ಮಾಡಿಕೊಂಡಿದ್ದಳು. ಮೂವತ್ತು ವರ್ಷ ಇಂಜಿನ್ ಕಾರ್ಖಾನೆಯಲ್ಲಿ ಸಾಲಿನಲ್ಲಿ ನಿಂತು ಬೋಲ್ಟು ಬಿಗಿದ ಕೈ ಅದು. ಆ ಶೆಡ್ಡಿನಲ್ಲಿ ಕಳೆದ ಮಂಗಳವಾರಗಳಲ್ಲಿ ತಾನು ಎಷ್ಟು ಸುಖವಾಗಿದ್ದೆ ಎಂದು ನೆನೆದರೆ ಅವಳಿಗೆ ಈಗಲೂ ನಾಚಿಕೆಯಾಗುತ್ತಿತ್ತು, ಯಾಕೆಂದರೆ ಆ ಮಂಗಳವಾರಗಳಲ್ಲೆಲ್ಲ ಅವಳು ತಂಗಿಯ ಮನೆಗೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿದ್ದಳು.

ನೋಟ ಉಳಿಸಿಕೊಂಡದ್ದೇನೋ ಸರಿ, ಯಾರಿಗಾಗಿ? ಲೆಮ್‌ಗೆ ಕಣ್ಣಿಲ್ಲ. ಕಣ್ಣಿನೊಳಗಿನ ಒತ್ತಡ ಏರಿ ಏರಿ ಮೊದಲು ಅಂಚುಗಳು ಹೋದವು, ಆಮೇಲೆ ಎಲ್ಲವೂ ಹೋಯಿತು. ಕಣ್ಣಿದ್ದವರಿಗೆ ಮೋಸ ಮಾಡುವುದು ಸುಲಭ, ಬಣ್ಣ ಬಳಿದರೆ ಮುಗಿಯಿತು. ಕುರುಡನಿಗೆ ಮೋಸ ಮಾಡಬೇಕಾದರೆ ವಾಸನೆ, ಸದ್ದು, ನಡುಕ, ಕುಲುಕು ಎಲ್ಲವನ್ನೂ ನಕಲು ಮಾಡಬೇಕು. ಇದಕ್ಕೆಲ್ಲ ಮೂಲ ಒಂದು ಮಾತು. ಕಣ್ಣು ಹೋದ ಮೇಲೆ ಒಂದೇ ಒಂದು ಸಲ ಅವಳು ಅವನನ್ನು ಕೂರಿಸಿಕೊಂಡು ಗಾಡಿ ತೆಗೆದಿದ್ದಳು. ಸಿಗ್ನಲ್ಲಿನ ಹತ್ತಿರ ಹಳೆಯ ಬ್ರೇಕು ಎಂದಿನಂತೆ ಎಡಕ್ಕೆ ಎಳೆಯಿತು, ಕಲ್ಲಿನಷ್ಟು ಭಾರದ ಸ್ಟಿಯರಿಂಗನ್ನು ಅವಳ ಸವೆದ ಭುಜ ತಡೆಯಲಾರದೆ ಹೋಯಿತು, ಲೆಮ್ “ಒತ್ತು, ಒತ್ತು” ಎಂದು ಕೂಗುತ್ತಲೇ ಇದ್ದ, ಗಾಡಿ ರಸ್ತೆ ನಡುವಿನ ಹುಲ್ಲುಹಾಸು ಹತ್ತಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹಿಂದೆಯೇ ತನ್ನ ಗಾಡಿಯಲ್ಲಿ ಬರುತ್ತಿದ್ದ ಹಳೆಯ ಗೆಳೆಯ ಆರ್ಥೆಲ್ ಇಳಿದು ಬಂದು ಕಿಟಕಿಗೆ ಬಗ್ಗಿದಾಗ ಲೆಮ್ ಅವನಿಗೆ ಹೇಳಿದ್ದ, ಅವಳಿಗಲ್ಲ, ಅವನಿಗೆ: “ಇನ್ನು ಇದು ಹೊರಗೆ ಹೋಗೋದು ಬೇಡ ಬಿಡು. ಓಡಿಸೋರಿಲ್ಲ.” ಪಕ್ಕದಲ್ಲೇ ಕೂತಿದ್ದಳು ಅವಳು, ಕೈ ಇನ್ನೂ ಸ್ಟಿಯರಿಂಗಿನ ಮೇಲೇ ಇತ್ತು. ಆವತ್ತು ಆರ್ಥೆಲ್ ಗಾಡಿಯನ್ನು ಮನೆಗೆ ತಂದುಬಿಟ್ಟ. ಅವಳು ಅವನ ಗಾಡಿಯನ್ನು ಹಿಂದಿನಿಂದ ಓಡಿಸಿಕೊಂಡು ಬಂದಳು. ಅದನ್ನು ಯಾರೂ ಓಡಿಸುವುದೆಂದು ಲೆಕ್ಕ ಹಿಡಿಯಲಿಲ್ಲ.

“ನೀಸ್, ಹೊರಡೋದಾ ಇಲ್ಲಾ ಅಲ್ಲೇ ಪ್ರಾರ್ಥನೆ ಮಾಡ್ತಿದೀಯಾ?” ಲೆಮ್ ಕೋಲು ತಟ್ಟುತ್ತಾ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಹುಲ್ಲಿನ ಟೋಪಿ. ಹಳೆಯ ಗಾಡಿಗಳ ಆಗಸ್ಟಿನ ದೊಡ್ಡ ಮೆರವಣಿಗೆಗೆ ಇನ್ನೂ ಮೂರು ದಿನವಿತ್ತು, ಆದರೆ ಬಲ್ಲವರು ಶನಿವಾರದ ನೂಕುನುಗ್ಗಲಿಗೆ ಕಾಯುವುದಿಲ್ಲ. ಬುಧವಾರವೇ ವುಡ್‌ವರ್ಡ್ ರಸ್ತೆಗೆ ಇಳಿದು, ಮುಚ್ಚಿಹೋದ ಸೋಫಾ ಅಂಗಡಿಯ ಮುಂದಿನ ಬಯಲಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕಾರ್ಬ್ಯುರೇಟರು ತೊಳೆಸಿದ್ದೇನೆ, ಬ್ರೇಕು ಬಿಗಿಸಿದ್ದೇನೆ, ಒಂದು ಸಲ ಹೋಗಿಬರೋಣ ಎಂದು ಅವಳು ವಾರಗಟ್ಟಲೆ ಗೋಗರೆದ ಮೇಲೆ ಅವನು ಒಪ್ಪಿದ್ದ. ಅವನ ಕೈ ಗಾಡಿಯ ಮೇಲೆ ಹರಿಯಿತು, ತುಕ್ಕಿನ ಗುಳ್ಳೆಯ ಹತ್ತಿರ ಬಂದು ನಿಂತಿತು, ಅಲ್ಲೇ ಎರಡು ಸಲ ಸವರಿತು. ವರ್ನೀಸ್ ಉಸಿರು ಹಿಡಿದಳು. “ಇನ್ನೂ ದೊಡ್ಡದಾಗಿಲ್ಲ” ಎಂದ ಅವನು, ಸಮಾಧಾನದಿಂದ. ಸುತ್ತಿ ಬಂದು ಬಲಗಡೆಯ ಸೀಟಿನಲ್ಲಿ ಕೂತು ಮೂಗು ಅರಳಿಸಿದ. ಕೀಲಿ ತಿರುಗಿಸಿದೊಡನೆ ಹಿಂದಿನ ಟ್ಯಾಂಕಿನಲ್ಲಿ ಹೊಸ ಪಂಪು ಝುಯ್ ಎನ್ನುತ್ತದೆ. ಅದನ್ನು ಮುಚ್ಚಲು ಅವಳು ಜೋರಾಗಿ ಕೆಮ್ಮಿದಳು. ಹಳೆಯದು ಒಂದೇ ಸಲಕ್ಕೆ ಎಂದೂ ಎದ್ದದ್ದಿಲ್ಲ, ಹಾಗಾಗಿ ಇಂಜಿನ್ನು ಹತ್ತಿಕೊಳ್ಳುವ ಮೊದಲೇ ಕೀಲಿ ಬಿಟ್ಟಳು, ಪೆಡಲು ಒತ್ತಿದಳು, ಗೊಣಗಿದಳು, ಮತ್ತೆ ತಿರುಗಿಸುವಾಗ ಮತ್ತೆ ಕೆಮ್ಮಿದಳು. “ನಿಂಗೆ ನೆಗಡಿನಾ?” ಎಂದ ಲೆಮ್. “ಧೂಳು” ಎಂದಳು. ಒಂದು ಸುಳ್ಳಿಗೆ ನೂರು ಸುಳ್ಳಿನ ದಿಬ್ಬಣ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ವುಡ್‌ವರ್ಡಿನಲ್ಲಿ ಬಿಸಿಲು ಮುಖಕ್ಕೆ ರಾಚುತ್ತಿತ್ತು. ಕಿಟಕಿ ಇಳಿಸಿಕೊಂಡು ಲೆಮ್ ಮೊಣಕೈ ಹೊರಗೆ ಚಾಚಿದ, ಎಷ್ಟೋ ವರ್ಷಗಳಿಂದ ಅಡುಗೆಮನೆಯ ಮೇಜಿನ ಮೇಲೇ ಇದ್ದ ಮೊಣಕೈ ಅದು. ಗಾಡಿ ಅವಳ ಕೈಯಲ್ಲಿ ಹಗುರವಾಗಿತ್ತು, ಹೇಳಿದ ಮಾತು ಕೇಳುತ್ತಿತ್ತು. ಈ ಸುಖವನ್ನು ಮುಖದ ಮೇಲೆ ತೋರಿಸಿಕೊಳ್ಳಬಹುದಿತ್ತು, ನೋಡುವವರಿಲ್ಲ, ಮೈಯಲ್ಲಿ ತೋರಿಸುವಂತಿರಲಿಲ್ಲ. ಮೊದಲ ಕೆಂಪು ದೀಪ ಬಂತು. ಲೆಮ್‌ನ ಬಲಗೈ ತಾನಾಗಿ ಎದ್ದು ಡ್ಯಾಶ್‌ಬೋರ್ಡಿಗೆ ಊರಿಕೊಂಡಿತು, ನಲವತ್ತು ವರ್ಷ ಪ್ರತಿಯೊಂದು ಸಿಗ್ನಲ್ಲಿಗೂ ಸ್ಟಿಯರಿಂಗಿಗೆ ಊರಿಕೊಂಡ ಹಾಗೆ. ಎಡಕ್ಕೆ ಎಳೆತ ಬರುತ್ತದೆಂದು ಅವನ ಭುಜ ಕಾದು ಕೂತಿತು. ಬರಲಿಲ್ಲ. ಗಾಡಿ ದಾರ ಹಿಡಿದಷ್ಟು ನೇರಕ್ಕೆ ನಿಂತಿತು. ಅವನ ಕೈ ಒಂದು ಕ್ಷಣ ಅಲ್ಲೇ ಉಳಿದು, ಅನುಮಾನದಿಂದ ತೊಡೆಗೆ ಮರಳಿತು. ವಾಸನೆ ನೆನಪಿತ್ತು, ಸದ್ದು ನೆನಪಿತ್ತು, ಇದನ್ನು ಮಾತ್ರ ಅವಳೂ ಘಸ್ಸಾನನೂ ಯೋಚಿಸಿಯೇ ಇರಲಿಲ್ಲ. ಯಾವ ಬ್ರೇಕಿನಿಂದ ಅಂದು ಹುಲ್ಲುಹಾಸು ಹತ್ತಿದ್ದರೋ ಅದನ್ನು ಕಿತ್ತೆಸೆಯಲೆಂದೇ ಈ ಸಾಹಸವೆಲ್ಲ, ಈಗ ಅದೇ ರೋಗ ಇಲ್ಲವಲ್ಲ ಎಂದು ಅವಳು ಬೆವರುತ್ತಿದ್ದಳು. ಮುಂದಿನ ದೀಪಕ್ಕೆ ಅವಳು ಬ್ರೇಕು ಒತ್ತುತ್ತಾ ತಾನೇ ಸ್ಟಿಯರಿಂಗನ್ನು ಒಂದಿಷ್ಟು ಎಡಕ್ಕೆ ಎಳೆದಳು. ಅದರ ಮುಂದಿನದಕ್ಕೂ ಎಳೆದಳು. ಪಕ್ಕದ ಸಾಲಿನ ವ್ಯಾನಿನವನು ಹಾರ್ನು ಬಾರಿಸಿ ಬೈದುಕೊಂಡು ಹೋದ.

ಅವಳಿಗೆ ಏನು ಬೇಕಿತ್ತು ಎಂಬುದು ಅವಳಿಗೆ ಸ್ಪಷ್ಟವಾಗಿಯೇ ಗೊತ್ತಿತ್ತು. ಬಯಲು ತಲುಪಬೇಕು, ಇವನು ಇಳಿದು ಹಳೆಯ ಗೆಳೆಯರ ನಡುವೆ ನಿಂತು ‘ನೀಸ್ ಓಡಿಸಿಕೊಂಡು ಬಂದಳು’ ಎನ್ನಬೇಕು. ಅಷ್ಟೇ. ಅದಕ್ಕೆ ಮುಂಚೆ ಇವನಿಗೆ ತಿಳಿದುಹೋದರೆ ಇವನು ಇನ್ನೆಂದೂ ಈ ಗಾಡಿ ಹತ್ತುವುದಿಲ್ಲ, ಉಳಿದ ವರ್ಷಗಳನ್ನು ರೇಡಿಯೋ ಮುಂದೆ ಕಳೆದುಬಿಡುತ್ತಾನೆ, ಅಂಥ ಹಟ ಇವನದು. ಆ ಬಯಲಿನಲ್ಲಿ ಅವಳ ಪಾಲಿಗೆ ಬರುತ್ತಿದ್ದದ್ದು ಯಾವಾಗಲೂ ಆಲೂಗೆಡ್ಡೆ ಸಲಾಡಿನ ಪಾತ್ರೆ. ಒಂದು ಬೇಸಿಗೆಯಲ್ಲಿ ಯಾರದೋ ಇಂಜಿನ್ನು ಟಕಟಕ ಎನ್ನುತ್ತಿದ್ದಾಗ ಅವಳು ಚಮಚ ಹಿಡಿದುಕೊಂಡೇ “ಅದು ವಾಲ್ವಿನ ಸದ್ದು, ಎರಡನೇ ಸಿಲಿಂಡರು” ಎಂದಿದ್ದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಲೆಮ್ ಅದನ್ನೇ ಹೇಳಿದ, ಎಲ್ಲರೂ ತಲೆದೂಗಿದರು, ಆರ್ಥೆಲ್ “ಕಿವಿ ಅಂದ್ರೆ ಲೆಮ್‌ದು” ಎಂದ. ರಾತ್ರಿ ಮನೆಯಲ್ಲಿ ಲೆಮ್ “ನೀನು ಹೇಳಿದ್ದು ಸರಿ ಇತ್ತು” ಎಂದಿದ್ದ, ನಿಜ. ಆದರೆ ಮನೆಯಲ್ಲಿ ಹೇಳಿದ್ದ.

“ನೀಸ್.”

“ಏನು?”

“ಎಡಕ್ಕೆ ಯಾಕೆ ಎಳೀತಿದೀಯ?”

“ನಾನೆಲ್ಲಿ ಎಳೆದೆ? ಬ್ರೇಕು ಎಳೀತು.”

“ಬ್ರೇಕು ಎಳೆದ್ರೆ ಗಾಡಿ ಮೊದಲು ಮುಗ್ಗರಿಸುತ್ತೆ, ಆಮೇಲೆ ಪಕ್ಕಕ್ಕೆ ಹೋಗುತ್ತೆ. ನೀನು ಮೊದಲು ಪಕ್ಕಕ್ಕೆ ಹೋಗಿ ಆಮೇಲೆ ನಿಲ್ಲಿಸ್ತಿದೀಯ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. “ಬ್ರೇಕು ಹೊಸದಾ?”

“ಹೂಂ.”

“ಸ್ಟಿಯರಿಂಗು?”

“ಹೂಂ.”

ಅವನು ಕಾಲಿನ ಕೆಳಗಿನ ತಗಡಿಗೆ ಅಂಗಾಲು ಒತ್ತಿ ಕೂತ, ವೈದ್ಯರು ನಾಡಿ ನೋಡುವ ಹಾಗೆ. ಅವಳು ರಸ್ತೆ ನೋಡುತ್ತಾ ಓಡಿಸಿದಳು. ಅಂಗಡಿಗಳು, ರಸ್ತೆ ಬದಿಯಲ್ಲಿ ಕುರ್ಚಿ ಹಾಕಿಕೊಂಡ ಜನ, ಕೈಬೀಸುವ ಮಕ್ಕಳು ಎಲ್ಲ ಸರಿದುಹೋದರು. “ಇದು ನನ್ನ ಇಂಜಿನ್ ಅಲ್ಲ” ಎಂದ ಕೊನೆಗೆ. “ಏದುಸಿರು ಸರಿಯಾಗೇ ಬಿಡ್ತಿದೆ. ಆದ್ರೆ ಒಂದೇ ಸಮ ಬಿಡ್ತಿದೆ. ನಂದು ಒಂದೊಂದು ಸಲ ಮರೆತುಬಿಡ್ತಿತ್ತು. ಎಲ್ಲಿದೆ ನಂದು?”

“ಘಸ್ಸಾನ್ ಶೆಡ್ಡಲ್ಲಿ. ಭದ್ರವಾಗಿದೆ. ಹೊದಿಸಿ ಇಟ್ಟಿದೀನಿ.”

“ಏನು ಹೊದಿಸಿದೀಯ?”

ಹೇಳದೆ ವಿಧಿಯಿರಲಿಲ್ಲ. “ನಿಮ್ಮಮ್ಮನ ಕೌದಿ.”

“ಅಲಬಾಮದಿಂದ ತಂದ ಕೌದಿ? ಇಂಜಿನ್‌ಗೆ?”

“ಒಳಗೆ ಪ್ಲಾಸ್ಟಿಕ್ ಸುತ್ತಿದೀನಿ ಮಾರಾಯ, ಎಣ್ಣೆ ಹತ್ತಿಲ್ಲ. ಬೇರೆ ಏನು ಹೊದಿಸಿದ್ರೂ ನಂಗೆ ನಿದ್ದೆ ಬರ್ತಿರಲಿಲ್ಲ.”

ಲೆಮ್ ಮೊಣಕೈಯನ್ನು ಕಿಟಕಿಯಿಂದ ಒಳಗೆ ತೆಗೆದುಕೊಂಡ. ಅವಳು ಅವನಿಗೆ ಅವಮಾನ ಮಾಡಿದ್ದಳು, ಕಣ್ಣಿಲ್ಲದವನ ಬೆನ್ನ ಹಿಂದೆ ಅವನ ಎದೆ ಬಗೆದು ಬೇರೆಯದನ್ನು ಇಟ್ಟು ಹೊಲಿದಿದ್ದಳು. ಹೀಗೆಂದು ಅವನು ಅನ್ನಲಿಲ್ಲ, ಅವಳೇ ಅವನ ಪರವಾಗಿ ಅಂದುಕೊಂಡಳು. ಅವನು ಅಂದದ್ದು ಒಂದೇ: “ನನ್ನನ್ನ ಇಳಿಸು.”

“ರಸ್ತೆ ನಡುವೆ ಎಲ್ಲಿ ಇಳಿಸಲಿ?”

“ಎಲ್ಲಾದ್ರೂ. ಇಳಿಸು.”

ಕೆಂಪು ದೀಪ ಬಿದ್ದು ಗಾಡಿ ನಿಲ್ಲಬೇಕಾಯಿತು. ಈ ಸಲ ಅವಳು ಎಡಕ್ಕೆ ಎಳೆಯಲಿಲ್ಲ. ಎಳೆಯಲು ಇನ್ನೇನು ಉಳಿದಿತ್ತು? ದೀಪ ದಾಟಿದರೆ ಬಲಗಡೆ ಒಂದು ಔಷಧಿ ಅಂಗಡಿ, ಅಲ್ಲಿ ನಿಲ್ಲಿಸಿ, ಅವನ ಕೈ ಹಿಡಿದು ಇಳಿಸಿ, ಬಾಡಿಗೆ ಕಾರು ಕರೆಸಿ ಕೂರಿಸಬೇಕು ಎಂದು ಅವಳು ಲೆಕ್ಕ ಹಾಕುತ್ತಿದ್ದಾಗ ಬಲಗಡೆಯ ಸಾಲಿನಲ್ಲಿ ಹಸಿರು ಬಣ್ಣದ ಗಾಡಿಯೊಂದು ಗುರುಗುಟ್ಟುತ್ತಾ ಬಂದು ಲೆಮ್‌ನ ಕಿಟಕಿಗೆ ಸರಿಯಾಗಿ ನಿಂತಿತು. ಅದು ಆರ್ಥೆಲ್‌ನದು. ಎಪ್ಪತ್ತು ದಾಟಿದರೂ ಮೀಸೆಗೆ ಬಣ್ಣ ಹಚ್ಚುವುದನ್ನು ಬಿಡದವನು.

“ಲೆಮ್! ಬದುಕಿದೀಯೇನೋ! ಗಾಡಿ ಹೊರಗೆ ತಂದ್ಬಿಟ್ಟಿದೀಯ! ಯಾರಪ್ಪ ಓಡಿಸ್ತಿರೋದು?” ಬಗ್ಗಿ ನೋಡಿದ. “ಓ, ಮಿಸ್ ವರ್ನೀಸ್! ಅಲ್ಲೋ ಲೆಮ್, ಅವರ ಭುಜದ ಮೇಲೆ ಕರುಣೆ ಬೇಡ್ವೇನೋ ನಿಂಗೆ? ಆ ಔಷಧಿ ಅಂಗಡಿ ಹತ್ರ ನಿಲ್ಲಿಸೋಕೆ ಹೇಳು. ನನ್ನ ಮೊಮ್ಮಗಳ ಗಂಡ ಹಿಂದೆ ಬರ್ತಿದಾನೆ, ನನ್ನದನ್ನ ಅವನ ಕೈಗೆ ಕೊಟ್ಟು ನಿನ್ನ ಗಾಡಿ ನಾನೇ ಬಯಲಿಗೆ ತರ್ತೀನಿ. ಅವರು ಆರಾಮಾಗಿ ಹಿಂದೆ ಕೂತ್ಕೊಳ್ಳಲಿ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅದೇ ಉರಿ ಹತ್ತಿಸಿತು. ಅವಳ ಭುಜದ ಮಾತನ್ನು ಅವಳ ಭುಜಕ್ಕೇ ಹೇಳದೆ ಲೆಮ್‌ಗೆ ಹೇಳಿದ್ದ. ವರ್ನೀಸ್ ಮುಂದಿನ ಗಾಜಿನಾಚೆ ನೋಡುತ್ತಾ ಕೂತಳು, ಇನ್ನು ಲೆಮ್ ‘ಸರಿ’ ಎನ್ನುತ್ತಾನೆ, ಮುಗಿಯಿತು. ಇಳಿಯಬೇಕೆಂದಿದ್ದವನಿಗೆ ಇಳಿಯುವ ದಾರಿ ತಾನಾಗಿ ಬಂದು ಕಿಟಕಿಯಲ್ಲಿ ನಿಂತಿತ್ತು. ಲೆಮ್‌ನ ಬಲಗೈ ಬಾಗಿಲ ಹಿಡಿಕೆಯನ್ನು ಹುಡುಕಿತು. ಹಿಡಿಕೆಯಲ್ಲ, ಗಾಜು ಏರಿಸುವ ತಿರುಗಣೆ. ಸಾವಕಾಶವಾಗಿ ತಿರುಗಿಸಿದ. ಆರ್ಥೆಲ್ “ಏಯ್, ಏಯ್” ಎನ್ನುತ್ತಿದ್ದಂತೆಯೇ ಗಾಜು ಅವನ ಮುಖದ ಮುಂದೆ ಏರಿ ಮುಚ್ಚಿಕೊಂಡಿತು.

“ದೀಪ ಏನು ಬಣ್ಣ?” ಎಂದ ಲೆಮ್.

“ಕೆಂಪು.”

“ಇನ್ನೂ?”

“ಇನ್ನೂ.”

ಅವನು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ, ಬೆನ್ನು ಸೀಟಿಗೆ ಆನಿಸಿದ. “ಹಸಿರಾದಾಗ ಹೇಳ್ಬೇಡ. ನಂಗೇ ಗೊತ್ತಾಗಲಿ.”

ಈ ರಸ್ತೆಯಲ್ಲಿ ಗಂಟೆಗೆ ನಲವತ್ತೈದು ಮೈಲಿಯ ಮಿತಿ. ಅದನ್ನು ಯಾರೂ ಮೀರಬೇಕಾಗಿಲ್ಲ. ನಿಂತಲ್ಲಿಂದ ನಲವತ್ತೈದಕ್ಕೆ ಯಾರು ಮೊದಲು ಮುಟ್ಟುತ್ತಾರೆ ಎಂಬುದರಲ್ಲೇ ಇಲ್ಲಿನವರ ಮಾನ ಮರ್ಯಾದೆ ಎಲ್ಲ ಇದೆ. ಆರ್ಥೆಲ್‌ಗೂ ವಿಷಯ ಅರ್ಥವಾಗಿತ್ತು, ಹಸಿರು ಗಾಡಿ ಎರಡು ಸಲ ಗುಡುಗಿತು. ವರ್ನೀಸ್ ಕ್ಲಚ್ಚಿನ ಮೇಲೆ ಕಾಲಿಟ್ಟಳು. ಭುಜ ನೋಯುತ್ತಿರಲಿಲ್ಲ. ದೀಪ ಹಸಿರಾಯಿತು. ಆಮೇಲೆ ಆದದ್ದನ್ನು ಅವಳು ಯೋಚಿಸಿ ಮಾಡಲಿಲ್ಲ, ಮೂವತ್ತು ವರ್ಷ ಬೇರೆಯವರ ಗಾಡಿಗಳಿಗೆ ಇಂಜಿನ್ನು ಜೋಡಿಸಿ ಕಳಿಸಿದ ಕೈ ತನ್ನ ಕೆಲಸ ತಾನು ಮಾಡಿತು. ನೇರಳೆ ಮೂತಿ ಮೇಲೆದ್ದಿತು, ಹಿಂದಿನ ಚಕ್ರಗಳು ಒಂದೇ ಒಂದು ಸಲ ಕಿರುಚಿ ರಸ್ತೆಯನ್ನು ಕಚ್ಚಿಕೊಂಡವು, ಇಬ್ಬರ ಬೆನ್ನೂ ಸೀಟಿಗೆ ಅಂಟಿತು. ಎರಡನೇ ಗೇರು. ಹಳೆಯದಾಗಿದ್ದರೆ ಇಷ್ಟು ಹೊತ್ತಿಗೆ ಹಿಂಭಾಗ ಬಳುಕಿ, ಅವಳು ಸ್ಟಿಯರಿಂಗಿನ ಜೊತೆ ಕುಸ್ತಿಗೆ ಬೀಳಬೇಕಿತ್ತು. ಗಾಡಿ ನೇರ ಹೋಗುತ್ತಿತ್ತು. ಬಲಗಣ್ಣಿನ ಅಂಚಿನಲ್ಲಿ ಹಸಿರು ಬಣ್ಣ ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿದು ಇಲ್ಲವಾಯಿತು. ಮೂರನೇ ಗೇರು. ಬಾಯಿಂದ ಒಂದು ಕೂಗು ಹೊರಟಿತು, ಅದು ಲೆಮ್‌ನದೆಂದು ಅವಳು ಮೊದಲು ತಿಳಿದಳು, ಆಮೇಲೆ ನೋಡಿದರೆ ತನ್ನದೇ. ನಲವತ್ತೈದಕ್ಕೆ ಮುಟ್ಟಿ ಕಾಲು ಎತ್ತಿದಳು. ಮುಂದಿನ ದೀಪ ಕೆಂಪಾಗುತ್ತಿತ್ತು, ಬ್ರೇಕು ಒತ್ತಿದಳು, ಗಾಡಿ ಬಿಳಿ ಗೆರೆಯ ಹಿಂದೆ ಅಲುಗದೆ ನಿಂತಿತು. ಲೆಮ್‌ನ ಎರಡೂ ಕೈ ಮಡಿಲಿನ ಟೋಪಿಯ ಮೇಲೇ ಇದ್ದವು.

“ಮೂರಕ್ಕೆ ಹಾಕೋದು ತಡ ಮಾಡಿದೆ” ಎಂದ ಅವನು.

“ಗೊತ್ತು.”

ಅವನ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದ. ಸದ್ದಿಲ್ಲದೆ ಶುರುವಾದ ನಗೆ ಗಂಟಲಿಗೆ ಏರಿ ಗಾಡಿಯೆಲ್ಲ ತುಂಬಿಕೊಂಡಿತು, ಕಾಣದ ಕಣ್ಣುಗಳಿಂದ ನೀರು ಇಳಿಯಿತು, ಅವಳೂ ಸ್ಟಿಯರಿಂಗಿಗೆ ಹಣೆ ಹಚ್ಚಿ ನಕ್ಕಳು. ನಗೆ ನಿಂತ ಮೇಲೆ ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

“ಇದು ನನ್ನ ಗಾಡಿ ಅಲ್ಲ, ನೀಸ್.”

“ಅಲ್ಲ.”

“ಮತ್ತೆ ಯಾರದ್ದು?”

ನಮ್ಮದು ಎನ್ನಬಹುದಿತ್ತು. ಮೆತ್ತನೆಯ ಮಾತು, ಯಾರಿಗೂ ನೋವಾಗದ ಮಾತು, ಮದುವೆಯಾದಂದಿನಿಂದ ಅವಳು ನೂರು ಕಡೆ ಆಡಿದ ಮಾತು. “ನಂದು” ಎಂದಳು.

ಅವನು ತಲೆಯಾಡಿಸಿದ. “ಹಾಗಾದ್ರೆ ಸೀಟಿನ ಕೆಳಗಿನ ಆ ಹರಕು ಬಟ್ಟೆ ಹೊರಗೆ ಬಿಸಾಕು. ಮನೆ ಬಿಟ್ಟಾಗಿನಿಂದ ತಲೆ ಸಿಡೀತಿದೆ.”

ಬಯಲಿನಲ್ಲಿ ಮಾಂಸ ಸುಡುವ ಹೊಗೆ, ಕೆಂಪು ಸೋಡಾ ಬಾಟಲಿಗಳು, ಮಡಚುವ ಕುರ್ಚಿಗಳಲ್ಲಿ ಪರಿಚಿತ ಬೆನ್ನುಗಳು. ಇಲ್ಲಿಗೆ ಬಂದವರು ನಿಲ್ಲಿಸಿದೊಡನೆ ಬಾನೆಟ್ಟು ಎತ್ತಬೇಕು. ಮುಚ್ಚಿಟ್ಟುಕೊಂಡು ಕೂತವರನ್ನು ಇಲ್ಲಿ ಮನುಷ್ಯರೆಂದು ಎಣಿಸುವುದಿಲ್ಲ. ಆರ್ಥೆಲ್ ಹಿಂದೆಯೇ ಬಂದು ಇಳಿದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ “ಹೆಂಗಸರು ಅಂತ ಬಿಟ್ಟುಕೊಟ್ಟೆ ಕಣೋ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ, ಆಮೇಲೆ ದನಿ ತಗ್ಗಿಸಿ, “ಲೆಮ್, ನಿಜ ಹೇಳು, ಒಳಗೆ ಏನು ತುಂಬಿಸಿದೀಯ? ಎತ್ತು ನೋಡೋಣ.” ಲೆಮ್ ಗಾಡಿಯ ಮೈ ಸವರುತ್ತಾ ಮುಂದಕ್ಕೆ ಬಂದಿದ್ದ. ಅವನ ಬೆರಳು ಅಭ್ಯಾಸಬಲದಿಂದ ಬಾನೆಟ್ಟಿನ ಅಂಚಿನ ಕೊಂಡಿಗೆ ಹೋಯಿತು. ಅಲ್ಲಿ ತಡೆಯಿತು. ಅವನು ಕೈ ಹಿಂದಕ್ಕೆ ತೆಗೆದುಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ.

ವರ್ನೀಸ್ ಕೊಂಡಿ ಬಿಡಿಸಿ ಬಾನೆಟ್ಟು ಎತ್ತಿದಳು.

ಯಾರೋ “ಅಯ್ಯೋ ದೇವರೇ” ಎಂದರು. ಇನ್ನೊಬ್ಬ, “ಹಳೇ ಇಂಜಿನ್ ಎಲ್ಲಿ? ಹಾಳು ಮಾಡಿಬಿಟ್ರಲ್ಲ ಗಾಡೀನ” ಎಂದ. ಈ ಮಾತಿಗಾಗಿ ಅವಳು ಚಳಿಗಾಲವಿಡೀ ಹೆದರಿದ್ದಳು, ರಾತ್ರಿಗಳಲ್ಲಿ ಇದಕ್ಕೆ ಉತ್ತರ ಕಟ್ಟಿದ್ದಳು. ಎಲ್ಲರ ಮುಖವೂ ಲೆಮ್‌ನ ಕಡೆ ತಿರುಗಿತ್ತು. ಅವನು ವರ್ನೀಸ್‌ಳತ್ತ ತಿರುಗಿದ. ಕೈ ಮುಂದೆ ಚಾಚಿದ. “ನಂಗೆ ತೋರಿಸು, ನೀಸ್. ಒಂದೂ ಬಿಡಬೇಡ.”

ಅವಳು ಅವನ ಮಣಿಕಟ್ಟು ಹಿಡಿದಳು. “ಇಲ್ಲಿ ಬಿಸಿ ಇದೆ, ಮುಟ್ಟಬೇಡ. ಇಲ್ಲಿ ಮುಟ್ಟು. ಈ ಮುಚ್ಚಳ ನಿಂದೇ, ಹಳೇದು. ಇದರ ಕೆಳಗಿರೋದು ಕಾರ್ಬ್ಯುರೇಟರ್ ಅಲ್ಲ.” ಮೊದಲು ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು. ಬೆರಳನ್ನು ಒಂದೊಂದೇ ಕಡೆಗೆ ಒಯ್ದಳು, ಯಾವುದನ್ನು ಘಸ್ಸಾನ್ ಕೂರಿಸಿದ್ದು, ಯಾವುದನ್ನು ತಾನು ಕೂರಿಸಿದ್ದು, ಯಾವ ಬೋಲ್ಟು ಮೂರು ಮಂಗಳವಾರ ಸತಾಯಿಸಿತು, ಎಲ್ಲವನ್ನೂ. ಲೆಮ್ ನಡುವೆ ನಡುವೆ “ಯಾಕೆ?” ಎಂದು ಕೇಳಿದ, ಅವಳು ಯಾಕೆಂದು ಹೇಳಿದಳು. ಹೇಳುತ್ತಾ ಹೇಳುತ್ತಾ ದನಿ ಏರಿತು, ಕಾರ್ಖಾನೆಯ ಗದ್ದಲದ ಮೇಲೆ ಮಾತಾಡಿ ಅಭ್ಯಾಸವಾದ ದನಿ ಅದು. ‘ಹಾಳು ಮಾಡಿಬಿಟ್ರಲ್ಲ’ ಎಂದವನು ಮುಂದಕ್ಕೆ ಬಂದು ಬಗ್ಗಿ ನೋಡುತ್ತಿದ್ದ. ಕುರ್ಚಿಗಳಿಂದ ಒಬ್ಬೊಬ್ಬರೇ ಏಳುತ್ತಿದ್ದರು. ಆರ್ಥೆಲ್ ಲೆಮ್‌ನನ್ನು ಮೆಲ್ಲಗೆ ದಾಟಿ ಅವಳ ಪಕ್ಕಕ್ಕೆ ಬಂದು ನಿಂತ.

“ಸ್ವಲ್ಪ ನಿಧಾನ, ಮಿಸ್ ವರ್ನೀಸ್” ಎಂದ, ಕನ್ನಡಕ ಮೂಗಿಗೇರಿಸಿಕೊಳ್ಳುತ್ತಾ. “ಗೇರ್‌ಬಾಕ್ಸ್ ಹತ್ರ ನಂಗೆ ತಪ್ಪಿಹೋಯ್ತು. ಏನಂದ್ರಿ ನೀವು?”

ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡು ಸುತ್ತ ನೋಡಿದಳು. “ಹಿಂದಿರೋರಿಗೆ ಕೇಳಿಸ್ತಿಲ್ಲ, ಎಲ್ರೂ ಹತ್ತಿರ ಬನ್ನಿ” ಎಂದು ಕರೆದು, ಮೊದಲಿನಿಂದ ಶುರುಮಾಡಿದಳು.